1959ರ ಜೊತೆ ಒಂದು ವರ್ಷ

ಕಳೆದ ಒಂದು ವರ್ಷ ನಮ್ಮ ಅಡುಗೆಮನೆಯಲ್ಲಿ 1959ನೇ ಇಸವಿ ನಡೆಯುತ್ತಿತ್ತು. ಹೀಗೆಂದರೆ ಓದುಗರಿಗೆ ವಿಚಿತ್ರ ಎನಿಸಬಹುದು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಮಗ ರಜೆಗೆ ಬಂದಾಗ ಒಂದು ಪುಟ್ಟ ಸ್ಪೀಕರ್ ತಂದು ಖಾರದಪುಡಿ ಡಬ್ಬಿಯ ಪಕ್ಕ ಇಟ್ಟ. 'ಅಮ್ಮಿ, ಕಥೆ ಬರೆಯೋವಾಗ ಇದನ್ನ ಕೇಳಿ. ಮಾತಿಲ್ಲ, ತೊಂದರೆ ಆಗಲ್ಲ' ಎಂದ. ಜಾಝ್ ಅಂದರೆ ನಮಗೆ ಗೊತ್ತಿದ್ದದ್ದು ಹಳೆಯ ಹಿಂದಿ ಸಿನಿಮಾದ ಕ್ಲಬ್ಬಿನ ದೃಶ್ಯ ಮಾತ್ರ: ಸಿಗರೇಟಿನ ಹೊಗೆ, ಖಳನಾಯಕ, ಹಿಂದೆ ತುತ್ತೂರಿ ಊದುವ ಗೋವಾದ ವಾದ್ಯಗಾರರು.

ಅಂದಹಾಗೆ, 'ನಾವು' ಎಂದು ಬರೆಯುತ್ತಿರುವುದು ದೊಡ್ಡಸ್ತಿಕೆಯಿಂದಲ್ಲ. ಐದನೆಯವರೆಗೆ ಓದಿದ್ದು ಚಿತ್ರದುರ್ಗದ ಉರ್ದು ಶಾಲೆಯಲ್ಲಿ. ಅಲ್ಲೂ 'ಹಮ್', ಮನೆಯಲ್ಲೂ 'ಹಮ್'. ಆರನೆಯ ತರಗತಿಗೆ ಕನ್ನಡ ಶಾಲೆ ಸೇರಿದ ಮೊದಲ ವಾರ 'ನಾವು ಹೋಂವರ್ಕ್ ಮಾಡಿಲ್ಲ ಸಾರ್' ಎಂದಾಗ ಮೇಷ್ಟ್ರು ಆ ಬೆಂಚಿನ ಅಷ್ಟೂ ಹುಡುಗಿಯರನ್ನು ಎದ್ದು ನಿಲ್ಲಿಸಿದ್ದರು. ಅಭ್ಯಾಸ ಮಾತ್ರ ಹೋಗಲಿಲ್ಲ.

ಮಗ ಕೊಟ್ಟುಹೋದ ಪಟ್ಟಿಯಲ್ಲಿದ್ದದ್ದು ಬಹುತೇಕ ಒಂದೇ ವರ್ಷದ ಸಂಗೀತ. ಮೊದಲನೆಯದು ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ'. ನ್ಯೂಯಾರ್ಕಿನಲ್ಲಿ ಒಂದು ಕಾಲಕ್ಕೆ ಚರ್ಚ್ ಆಗಿದ್ದ ಕಟ್ಟಡದ ಸ್ಟುಡಿಯೋದಲ್ಲಿ 1959ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಎರಡು ದಿನ ಕೂತು ಮುಗಿಸಿದ ಐದು ರಚನೆಗಳು. ಅಲ್ಲಿಯವರೆಗಿನ ಜಾಝ್‌ನಲ್ಲಿ ಸ್ವರಮೇಳಗಳು ಒಂದರ ಹಿಂದೆ ಒಂದು ಓಡುತ್ತಿದ್ದವಂತೆ, ನುಡಿಸುವವನು ಅವುಗಳ ಬೆನ್ನು ಹತ್ತಬೇಕು. ಮೈಲ್ಸ್ ಆ ಓಟವನ್ನು ನಿಲ್ಲಿಸಿ, ಇದೊಂದು ಸ್ವರಶ್ರೇಣಿ, ಇದರೊಳಗೇ ತಿರುಗಾಡಿಕೊಂಡಿರಿ ಎಂದ. ನಮಗೆ ಸಂಗೀತಶಾಸ್ತ್ರ ಬಾರದು. ಆದರೆ ಪಕ್ಕದ ಮನೆಯ ಸಂಗೀತದ ಟೀಚರಮ್ಮ ಕೊತ್ತಂಬರಿಸೊಪ್ಪು ಕೇಳಲು ಬಂದವರು 'ಸೋ ವಾಟ್' ಎಂಬ ಮೊದಲ ರಚನೆಯನ್ನು ಬಾಗಿಲಲ್ಲೇ ನಿಂತು ಕೇಳಿ, 'ಇದು ಖರಹರಪ್ರಿಯದ ಸ್ವರಗಳಲ್ಲವೇನ್ರೀ?' ಎಂದರು. ಆಮೇಲೆ ಮಗನನ್ನು ಕೇಳಿದರೆ ಅವರು ಹೇಳಿದ್ದು ಸರಿ. ಅವರು ಡೋರಿಯನ್ ಅನ್ನುವ ಶ್ರೇಣಿಯೂ ನಮ್ಮ ಖರಹರಪ್ರಿಯ, ಹಿಂದೂಸ್ತಾನಿಯ ಕಾಫಿ ಥಾಟ್‌ಗಳೂ ಸ್ವರದಲ್ಲಿ ಒಂದೇ. ಗಮಕ ಮಾತ್ರ ಇಲ್ಲ. ಕೊತ್ತಂಬರಿಸೊಪ್ಪು ಮರೆತು ಹೋದರು.

ಎರಡನೆಯದು ಡೇವ್ ಬ್ರೂಬೆಕ್‌ನ 'ಟೈಮ್ ಔಟ್'. 1958ರಲ್ಲಿ ಅಮೆರಿಕ ಸರ್ಕಾರವೇ ಬ್ರೂಬೆಕ್ ತಂಡವನ್ನು ನಮ್ಮ ದೇಶವೂ ಸೇರಿದಂತೆ ಹಲವು ನಾಡುಗಳಿಗೆ ಕಳುಹಿಸಿತ್ತು. ಇಸ್ತಾಂಬುಲ್‌ನ ಬೀದಿಯಲ್ಲಿ ವಾದ್ಯಗಾರರು ಒಂಬತ್ತು ಎಣಿಕೆಯನ್ನು ಎರಡು, ಎರಡು, ಎರಡು, ಮೂರು ಎಂದು ಮುರಿದು ನುಡಿಸುವುದನ್ನು ಕೇಳಿ, ವಾಪಸು ಹೋಗಿ ಅದರಲ್ಲೇ ಒಂದು ರಚನೆ ಕಟ್ಟಿದ. ಅದೇ ತಟ್ಟೆಯಲ್ಲಿರುವ 'ಟೇಕ್ ಫೈವ್' ಐದರ ಎಣಿಕೆಯದು. ನಮ್ಮಲ್ಲಿ ಖಂಡಛಾಪು ಎರಡು-ಮೂರು, ಅದು ಮೂರು-ಎರಡು. ಚಪಾತಿ ಲಟ್ಟಿಸುವುದಕ್ಕೆ ಇದು ಒಳ್ಳೆಯ ತಾಳ ಎಂಬುದು ನಮ್ಮ ಸ್ವಂತ ಸಂಶೋಧನೆ.

ಜಾಝ್ ಪ್ರಜಾಪ್ರಭುತ್ವದ ಸಂಗೀತ ಎಂದು ಹೊರದೇಶಗಳಿಗೆ ತೋರಿಸಲು ಕಳುಹಿಸಿದ ಈ ತಂಡದಲ್ಲಿ ಬೇಸ್ ನುಡಿಸುತ್ತಿದ್ದ ಯೂಜೀನ್ ರೈಟ್ ಕರಿಯ. 1960ರ ಆರಂಭದಲ್ಲಿ ದಕ್ಷಿಣದ ಕಾಲೇಜುಗಳಲ್ಲಿ 25 ಕಛೇರಿ ಗೊತ್ತಾಗಿದ್ದವು. ರೈಟ್‌ನನ್ನು ಬಿಟ್ಟು ಬರಲು ಬ್ರೂಬೆಕ್ ಒಪ್ಪಲಿಲ್ಲ. ಹೆಚ್ಚಿನವು ರದ್ದಾದವು.

ಇದನ್ನು ಓದಿದ ವಾರವೇ ಮಗನ ಮನೆಯ ಸಂಗತಿ ನಡೆಯಿತು. ಅವನೂ ಇಬ್ಬರು ಗೆಳೆಯರೂ ಹಾಸ್ಟೆಲ್ ಬಿಟ್ಟು ಬಾಡಿಗೆ ಮನೆ ಹುಡುಕುತ್ತಿದ್ದರು. ಮಗನ ಮೊದಲ ಹೆಸರು ಎರಡೂ ಕಡೆ ಸಲ್ಲುವಂಥದು, ಹಿಂದೂಗಳಲ್ಲೂ ಇದೆ, ನಮ್ಮಲ್ಲೂ ಇದೆ. ಫೋನಿನಲ್ಲಿ ಆ ಹೆಸರು ಕೇಳಿ ಮಾಲೀಕರು ಸಂತೋಷವಾಗಿ ಒಪ್ಪಿದರು. ಎರಡು ತಿಂಗಳ ಅಡ್ವಾನ್ಸ್ ಕೊಟ್ಟದ್ದಾಯಿತು. ಕರಾರುಪತ್ರಕ್ಕೆ ಆಧಾರ್ ಕೇಳಿದರು. ಅದರಲ್ಲಿ ಅವನ ಅಬ್ಬಾನ ಹೆಸರಿದೆಯಲ್ಲ! ಆ ಸಂಜೆಯೇ ಹಣ ಪೈಸೆ ಪೈಸೆ ವಾಪಸು ಬಂತು. 'ನಮಗೇನೂ ಇಲ್ಲಪ್ಪ, ಬೀದಿಯವರು ಒಪ್ಪಲ್ಲ' ಎಂದರಂತೆ. ಅವರ ಮೇಲೆ ನಮಗೆ ಸಿಟ್ಟು ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ನಮ್ಮನ್ನು ಹೆಚ್ಚು ಕಾಡಿದ್ದು ಮಗ ಆ ರಾತ್ರಿ ಫೋನಿನಲ್ಲಿ ಹೇಳಿದ ಮಾತು. 'ಅಮ್ಮಿ, ಗೆಳೆಯನ ಹೆಸರಲ್ಲಿ ಕರಾರು ಮಾಡಿಸಿಕೊಂಡರೆ ಆಗಿತ್ತು. ನಾನು ಇಲ್ಲದ ಹಾಗೆ ಇದ್ದುಬಿಡ್ತಿದ್ದೆ.'

ಅವನಿಗೆ ಏನು ಹೇಳಬೇಕೋ ತೋಚಲಿಲ್ಲ. ಫೋನಿಟ್ಟು, ಅವನು ಕೊಟ್ಟ ಪಟ್ಟಿಯಲ್ಲಿದ್ದವರ ಕಥೆಗಳನ್ನೇ ಓದುತ್ತಾ ಕುಳಿತೆವು.

ಅಲ್ಲಿ ಸಿಕ್ಕಿದ್ದು ಹೆಸರಿನ ಇನ್ನೊಂದು ಕಥೆ. 1940, 50ರ ದಶಕಗಳಲ್ಲಿ ಅನೇಕ ಕರಿಯ ವಾದ್ಯಗಾರರು ಇಸ್ಲಾಂ ಸ್ವೀಕರಿಸಿದರು. ಪಿಟ್ಸ್‌ಬರ್ಗ್‌ನ ಫ್ರೆಡರಿಕ್ ರಸೆಲ್ ಜೋನ್ಸ್ ಎಂಬ ಪಿಯಾನೋ ವಾದಕ ಅಹ್ಮದ್ ಜಮಾಲ್ ಆದ. ವಿಲಿಯಂ ಎಂಬ ಸ್ಯಾಕ್ಸೋಫೋನ್ ವಾದಕ ಯೂಸುಫ್ ಲತೀಫ್ ಆದ. ಡ್ರಮ್ ಬಾರಿಸುವ ಆರ್ಟ್ ಬ್ಲೇಕಿ ಅಬ್ದುಲ್ಲಾ ಇಬ್ನ್ ಬುಹೈನಾ ಎಂಬ ಹೆಸರು ಪಡೆದ. ನಂಬಿಕೆಯಿಂದ ಬಂದವರೇ ಹೆಚ್ಚು. ಆದರೆ ಡಿಜ್ಜಿ ಗಿಲೆಸ್ಪಿ ತನ್ನ ಆತ್ಮಕಥೆಯಲ್ಲಿ ಇನ್ನೊಂದು ಸಂಗತಿಯನ್ನೂ ಹೇಳುತ್ತಾನೆ. ಮುಸ್ಲಿಂ ಹೆಸರಿಟ್ಟುಕೊಂಡವರನ್ನು ಹೊರದೇಶದವರೆಂದು ತಿಳಿದು ಬಿಳಿಯರ ಹೋಟೆಲುಗಳಲ್ಲಿ ಊಟ ಬಡಿಸುತ್ತಿದ್ದರು. ಪೊಲೀಸರು ಕೊಡುವ ಕಾರ್ಡಿನಲ್ಲಿ ಕೆಲವರು 'ಬಿಳಿಯ' ಎಂದೇ ನಮೂದಾಗಿದ್ದರು. ಯಾವ ಹೆಸರು ನಮ್ಮ ಮಗನಿಗೆ ಬಾಗಿಲು ಮುಚ್ಚಿಸಿತೋ ಅಂಥದೇ ಹೆಸರು ಅವರಿಗೆ ಬಾಗಿಲು ತೆರೆಸಿತ್ತು. ಓದಿ ನಗು ಬಂತು. ಆಮೇಲೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಆ ಪೊಲೀಸ್ ಕಾರ್ಡಿನ ಬಗ್ಗೆ ಸ್ವಲ್ಪ ಹೇಳಬೇಕು. ನ್ಯೂಯಾರ್ಕಿನಲ್ಲಿ ಮದ್ಯ ಮಾರುವ ಕಡೆ ಹಾಡಲು, ನುಡಿಸಲು ಬೆರಳಚ್ಚು ಕೊಟ್ಟು ಪರವಾನಗಿ ಪಡೆಯಬೇಕಿತ್ತು. 1967ರವರೆಗೂ ಈ ಪದ್ಧತಿ ಇತ್ತು. ಗಾಯಕಿ ಬಿಲ್ಲಿ ಹಾಲಿಡೇಗೆ 1947ರಲ್ಲಿ ಮಾದಕವಸ್ತುವಿನ ಮೊಕದ್ದಮೆಯಲ್ಲಿ ಶಿಕ್ಷೆಯಾಗಿ ಕಾರ್ಡು ಹೋಯಿತು. ಆಮೇಲೆ ದೊಡ್ಡ ಸಭಾಂಗಣದಲ್ಲಿ ಹಾಡಬಹುದಿತ್ತು, ತನ್ನ ನಗರದ ಕ್ಲಬ್ಬುಗಳಲ್ಲಿ ಹಾಡುವಂತಿರಲಿಲ್ಲ. 1959ರ ಮಾರ್ಚ್‌ನಲ್ಲಿ ಅವಳ ಜೀವದ ಗೆಳೆಯ, ಸ್ಯಾಕ್ಸೋಫೋನ್ ವಾದಕ ಲೆಸ್ಟರ್ ಯಂಗ್ ತೀರಿಕೊಂಡ. ಜುಲೈ 17ರಂದು ಅವಳೂ ಹೋದಳು, ಕೇವಲ 44 ವರ್ಷಕ್ಕೆ. ಆಸ್ಪತ್ರೆಯ ಹಾಸಿಗೆಯಲ್ಲಿದ್ದವಳನ್ನು ಅಲ್ಲೇ ಬಂಧಿಸಿ ಬಾಗಿಲಿಗೆ ಪೊಲೀಸ್ ಕಾವಲು ಹಾಕಿದ್ದರು. ಅದೇ ಆಗಸ್ಟ್‌ನಲ್ಲಿ 'ಕೈಂಡ್ ಆಫ್ ಬ್ಲೂ' ಮಾರುಕಟ್ಟೆಗೆ ಬಂತು. ಎಂಟು-ಹತ್ತು ದಿನ ಕಳೆದಿರಲಿಲ್ಲ, ಮೈಲ್ಸ್ ತಾನು ನುಡಿಸುತ್ತಿದ್ದ ಬರ್ಡ್‌ಲ್ಯಾಂಡ್ ಕ್ಲಬ್ಬಿನ ಹೊರಗೆ, ತನ್ನದೇ ಹೆಸರಿನ ಫಲಕದ ಕೆಳಗೆ ಗಾಳಿಗೆ ನಿಂತಿದ್ದ. ಪೊಲೀಸ್ ಬಂದು ಮುಂದೆ ಹೋಗು ಎಂದ. ಇಲ್ಲೇ ಕೆಲಸ ಮಾಡುತ್ತೇನೆ, ಅಗೋ ನನ್ನ ಹೆಸರು ಎಂದು ತೋರಿಸಿದ. ತಲೆ ಒಡೆದು ಹೊಲಿಗೆ ಹಾಕಿಸಿಕೊಂಡದ್ದಲ್ಲದೆ ಅವನ ಕಾರ್ಡನ್ನೂ ಕಸಿದುಕೊಂಡರು. ಕಡೆಗೆ ನ್ಯಾಯಾಲಯದಲ್ಲಿ ಅವನೇ ಬಿಡುಗಡೆಯಾದ. ಗೋಡೆಯ ಮೇಲೆ ಅಷ್ಟು ದೊಡ್ಡದಾಗಿ ಬರೆದಿದ್ದ ಹೆಸರೂ ಆ ರಾತ್ರಿ ಉಪಯೋಗಕ್ಕೆ ಬಾರದೇ ಹೋಯಿತು!

ಇವನ್ನೆಲ್ಲ ಮಗನಿಗೆ ವಾರಕ್ಕೊಮ್ಮೆ ಫೋನಿನಲ್ಲಿ ಹೇಳುತ್ತಿದ್ದೆವು. ಅವನಿಗೆ ಸ್ವರಗಳು ಗೊತ್ತಿದ್ದವು, ಕಥೆಗಳು ಗೊತ್ತಿರಲಿಲ್ಲ. ಚಾರ್ಲ್ಸ್ ಮಿಂಗಸ್ ಎಂಬುವನು ಕರಿಯ ಮಕ್ಕಳನ್ನು ಶಾಲೆಯ ಬಾಗಿಲಲ್ಲಿ ಸೈನಿಕರಿಂದ ತಡೆಸಿದ ಅರ್ಕನ್ಸಾ ಗವರ್ನರನನ್ನು ಗೇಲಿ ಮಾಡಿ ಒಂದು ರಚನೆ ಮಾಡಿದ್ದ. 1959ರ ತಟ್ಟೆಯಲ್ಲಿ ಬರೀ ವಾದ್ಯ ಬಂತು. ಮಾತುಗಳ ಜೊತೆ ಬಂದದ್ದು ಮರುವರ್ಷ, ಬೇರೊಂದು ಕಂಪೆನಿಯಿಂದ. ಮಗನಿಗೆ ಇದು ಎಲ್ಲಕ್ಕಿಂತ ಹಿಡಿಸಿತು.

ಮನೆಯಲ್ಲಿ ಎಲ್ಲರೂ ಇದನ್ನು ಮೆಚ್ಚಿದರು ಎಂದಲ್ಲ. ನಮ್ಮ ಭಾಯಿ ಬಂದವರು ಸ್ಪೀಕರಿನ ಕಡೆ ನೋಡಿ, 'ಅಡುಗೆಮನೆಯಲ್ಲಿ ಬರ್ಕತ್ ಉಳಿಯುತ್ತದೆಯೇ?' ಎಂದರು. ವಾದ್ಯ ಸಂಗೀತದ ಬಗ್ಗೆ ಉಲೇಮಾಗಳಲ್ಲಿ ಹಿಂದಿನಿಂದಲೂ ಭಿನ್ನಾಭಿಪ್ರಾಯ ಇದೆ. ವಾದ ಮಾಡುವಷ್ಟು ಇಲ್ಮ್ ನಮಗಿಲ್ಲ. ಅಹ್ಮದ್ ಜಮಾಲ್ ಷಿಕಾಗೋದಲ್ಲಿ ಅಲ್-ಹಂಬ್ರ ಎಂಬ, ಮದ್ಯವೇ ಇಲ್ಲದ ಸಂಗೀತದ ಹೋಟೆಲು ತೆರೆದು ನಷ್ಟ ಮಾಡಿಕೊಂಡದ್ದನ್ನು ಹೇಳಿದೆವು. ಮದ್ಯ ಮಾರುವ ಕ್ಲಬ್ಬುಗಳಲ್ಲಿ ನುಡಿಸುವುದನ್ನು ಯೂಸುಫ್ ಲತೀಫ್ ಮುಂದೆ ನಿಲ್ಲಿಸಿಯೇಬಿಟ್ಟ ಎಂದೂ ಹೇಳಿದೆವು. ಭಾಯಿ ಚಹಾ ಕುಡಿದು, 'ನಷ್ಟ ಆಯ್ತಾ, ಪಾಪ' ಎಂದರು. ಅಷ್ಟು ಸಾಕಾಯಿತು.

ಪಟ್ಟಿಯ ಕೊನೆಯಲ್ಲಿದ್ದದ್ದು ಜಾನ್ ಕೋಲ್ಟ್ರೇನ್ 1959ರ ಡಿಸೆಂಬರ್ 2ರಂದು ಧ್ವನಿಮುದ್ರಿಸಿದ 'ನಯೀಮಾ'. ಅದು ಅವನ ಹೆಂಡತಿಯ ಹೆಸರು, ಅವಳು ಇಸ್ಲಾಂ ಸ್ವೀಕರಿಸಿದ್ದವಳು. ಕೆಳಗೆ ಬೇಸ್ ತಂಬೂರಿಯ ಹಾಗೆ ಒಂದೇ ಸ್ವರವನ್ನು ಹಿಡಿದು ನಿಲ್ಲುತ್ತದೆ, ಮೇಲೆ ಸ್ಯಾಕ್ಸೋಫೋನ್ ನಿಧಾನವಾಗಿ ಆ ಹೆಸರನ್ನು ಕರೆಯುತ್ತದೆ. ನಮ್ಮ ಮೊಹಲ್ಲಾದ ಪ್ರತಿ ಗಲ್ಲಿಯಲ್ಲೂ ಒಬ್ಬಳು ನಯೀಮಾ ಇದ್ದಾಳೆ. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆ ಕಿವಿಗೊಟ್ಟು, 'ಯಾರದ್ದು?' ಎಂದರು. ಹೆಸರು ಹೇಳಿದೆವು. 'ಯಾವ ಮನೆಯ ಹುಡುಗಿ?' ಎಂದು ಕೇಳಿದರು. ಗಂಡ ನುಡಿಸಿದ್ದು ಎಂದೆವು. ಸ್ವಲ್ಪ ಹೊತ್ತಿನ ಮೇಲೆ, 'ಚೆನ್ನಾಗಿ ನೋಡಿಕೊಂಡನೇ?' ಎಂದರು. 1963ರಲ್ಲಿ ಬಿಟ್ಟುಹೋದ ಎಂದು ಹೇಳಲು ಮನಸ್ಸಾಗದೆ ಕುಕ್ಕರ್ ಇಳಿಸಲು ಒಳಗೆ ಹೋದೆವು.

ಮಗನಿಗೆ ಮನೆ ಸಿಕ್ಕಿದ್ದು ಎರಡು ತಿಂಗಳ ನಂತರ. ಫೋನ್ ಎತ್ತಿದ ಕೂಡಲೇ ತನ್ನ ಹೆಸರು, ಅಬ್ಬಾನ ಹೆಸರು, ಊರು ಎಲ್ಲ ಹೇಳಿಬಿಡುತ್ತಿದ್ದನಂತೆ. ಹನ್ನೊಂದು ಕಡೆ ಇಲ್ಲ ಎಂದರು. ಹನ್ನೆರಡನೆಯವರು ನಿವೃತ್ತ ಮೇಷ್ಟ್ರು, 'ಬಾಡಿಗೆ ಐದರೊಳಗೆ ಕೊಡ್ತೀಯಾ?' ಎಂದಷ್ಟೇ ಕೇಳಿದರು. ಕಾಲೇಜಿಗೆ ಎರಡು ಬಸ್ಸು ಬದಲಿಸಬೇಕು. ನೀರು ದಿನ ಬಿಟ್ಟು ದಿನ. ಹೋದ ಭಾನುವಾರ ಬಂದು ಹಾಸಿಗೆ, ಪಾತ್ರೆ ಎಲ್ಲ ಕಟ್ಟಿಕೊಂಡ. ಸ್ಪೀಕರನ್ನೂ ಚೀಲಕ್ಕೆ ಹಾಕಲು ಹೋದಾಗ ಅತ್ತೆಯೇ ತಡೆದರು.