ಹರಿದು ಹೋಗುವ ನೀರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ನೆಲದಲ್ಲಿ ಬೆಳೆದವರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿನ ಹಿಂಗಾರಿ ಜೋಳ ಕಪ್ಪು ಮಣ್ಣು ಹಿಡಿದಿಟ್ಟುಕೊಂಡ ತೇವದಲ್ಲೇ ತೆನೆಗಟ್ಟುತ್ತದೆ. ಆದರೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಇಂಡಿಯ ನಿಂಬೆಗೆ ಬೇಸಿಗೆಯಲ್ಲೂ ನೀರು ಬೇಕು. ಕೊಳವೆಬಾವಿ ಬತ್ತಿದಾಗ ರೈತರು ಟ್ಯಾಂಕರ್ ನೀರು ಕೊಂಡು ಗಿಡಗಳ ಜೀವ ಉಳಿಸುತ್ತಾರೆ.

ನಮ್ಮದೂ ಒಂದು ಚಿಕ್ಕ ನಿಂಬೆ ತೋಟ. ಬುಡಕ್ಕೆ ಬಿಟ್ಟ ನೀರು ಯಾವ ಪಂಪೂ ಇಲ್ಲದೆ ತುದಿಯ ಎಲೆಗೆ ಏರುವುದನ್ನು ಕುರಿತು ಯೋಚಿಸಿದಷ್ಟೂ ಸೃಷ್ಟಿಕರ್ತನ ಯೋಜನೆ ನನ್ನನ್ನು ಬೆರಗುಗೊಳಿಸುತ್ತದೆ. ಎಲೆಯ ಸೂಕ್ಷ್ಮ ರಂಧ್ರಗಳಿಂದ ನೀರು ಆವಿಯಾಗುತ್ತದೆ; ಆ ಸೆಳೆತಕ್ಕೆ ಕಾಂಡದ ನಾಳಗಳಲ್ಲಿ ಒಂದಕ್ಕೊಂದು ಅಂಟಿಕೊಂಡ ನೀರಿನ ಕಣಗಳು ದಾರದಂತೆ ಮೇಲೇರುತ್ತವೆ. 1894ರಲ್ಲಿ ಡಬ್ಲಿನ್ನಿನ ವಿಜ್ಞಾನಿಗಳಾದ ಡಿಕ್ಸನ್ ಮತ್ತು ಜಾಲಿ ಇದನ್ನು ವಿವರಿಸಿದರು. ಈ ನಾಳಗಳ ಹೆಸರು ಕ್ಸೈಲಮ್. ಅವು ಸತ್ತ ಜೀವಕೋಶಗಳಿಂದಾದವು; ಸತ್ತ ಮೇಲೂ ಅವು ಮರಕ್ಕೆ ನೀರುಣಿಸುತ್ತವೆ.

ಸಾರಜನಕ, ಪೊಟ್ಯಾಶ್ ಮೊದಲಾದ ಪೋಷಕಾಂಶಗಳು ನೀರಿನಲ್ಲಿ ಕರಗಿಯೇ ಬೇರನ್ನು ಸೇರಬೇಕು. ಒಣ ಮಣ್ಣಿಗೆ ಗೊಬ್ಬರ ಸುರಿದರೆ ಗಿಡದ ಹಸಿವು ತೀರದಿರುವುದು ಇದರಿಂದಲೇ. ಎಲೆಯು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆ ತೊಗಟೆಯ ಒಳಪದರವಾದ ಫ್ಲೋಯಮ್ ಮೂಲಕ ಹಣ್ಣಿಗೂ ಬೇರಿಗೂ ಹೋಗುತ್ತದೆ. ಕಾಂಡದ ಸುತ್ತ ತೊಗಟೆಯನ್ನು ಬಳೆಯಂತೆ ಕೆತ್ತಿ ತೆಗೆದರೆ ಎಲೆಗಳು ಕೆಲಕಾಲ ಹಸಿರಾಗಿಯೇ ಇರುತ್ತವೆ. ಆದರೆ ಬೇರು ಉಪವಾಸ ಬಿದ್ದು ಕೊನೆಗೆ ಇಡೀ ಮರ ಸಾಯುತ್ತದೆ. ಕತ್ತಲಲ್ಲಿರುವ ಬೇರು ಎಲೆಗೆ ನೀರು ಕೊಡುತ್ತದೆ, ಬೆಳಕಿನಲ್ಲಿರುವ ಎಲೆ ಬೇರಿಗೆ ಅನ್ನ ಕೊಡುತ್ತದೆ.

ಬೇರು ಹೀರಿದ ನೀರಿನಲ್ಲಿ ಶೇ. 95ಕ್ಕೂ ಹೆಚ್ಚು ಭಾಗ ಗಾಳಿಗೆ ಮರಳುತ್ತದೆ. ಮರ ತನಗೆಂದು ಇಟ್ಟುಕೊಳ್ಳುವುದು ಅತ್ಯಲ್ಪ. ನೀರು ಸಾಲದಾದಾಗ ಎಲೆ ತನ್ನ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆಗ ನೀರೇನೋ ಉಳಿಯುತ್ತದೆ, ಆದರೆ ಗಾಳಿಯೂ ಒಳಬರದೆ ಆಹಾರದ ತಯಾರಿಕೆ ಕುಗ್ಗುತ್ತದೆ. ಹೆಚ್ಚು ದಿನ ಬಾಗಿಲು ಮುಚ್ಚಿ ಕುಳಿತ ಗಿಡ ಬೆಳೆಯಲಾರದು.

ಒಂದು ಬೇಸಿಗೆಯಲ್ಲಿ ನೆರೆಹೊಲದವರ ಕೊಳವೆಬಾವಿ ಬತ್ತಿತು. ನಮ್ಮದರಲ್ಲಿ ನೀರು ತೆಳುವಾಗಿ ಬರುತ್ತಿತ್ತು. ಅಬ್ಬಾ ದಿನಕ್ಕೆ ಎರಡು ತಾಸು ಅವರ ಗಿಡಗಳಿಗೆ ಪೈಪು ಹಾಕಿಸಿದರು. "ನಮ್ಮ ಗಿಡಗಳಿಗೇ ಸಾಲದಲ್ಲ?" ಎಂದು ಅಣ್ಣ ಕೇಳಿದಾಗ ಅವರು ಹೇಳಿದ್ದಿಷ್ಟು: "ಈ ನೀರು ನಮ್ಮ ಹೊಲದಲ್ಲಿ ಹುಟ್ಟಿದ್ದಲ್ಲ ಬೇಟಾ, ನಮ್ಮ ಹೊಲದ ಕೆಳಗೆ ಹಾದು ಹೋಗುತ್ತಿರುವುದು." ಆ ವರ್ಷ ನಮ್ಮ ಇಳುವರಿ ಕಡಿಮೆಯಾಯಿತು. ಎರಡೂ ತೋಟಗಳು ಉಳಿದವು.

ಮಿಗಿಲಾದ ನೀರನ್ನು ಇತರರಿಗೆ ತಡೆಯಬಾರದೆಂದು ಪ್ರವಾದಿ ಮುಹಮ್ಮದ್(ಸ) ಆಜ್ಞಾಪಿಸಿದ್ದಾರೆ. ನೆಟ್ಟ ಗಿಡದಿಂದ ಮನುಷ್ಯನಾಗಲಿ, ಹಕ್ಕಿಯಾಗಲಿ, ಪ್ರಾಣಿಯಾಗಲಿ ತಿಂದರೆ ಅದು ನೆಟ್ಟವನ ಪಾಲಿಗೆ ದಾನವೆಂದೂ ಕಲಿಸಿದ್ದಾರೆ. ಅಬ್ಬಾ ಕೊಟ್ಟದ್ದು ಮಿಗಿಲಾದ ನೀರೂ ಅಲ್ಲ, ನಮ್ಮ ಪಾಲಿನದೇ.

ನಮ್ಮ ಮಕ್ಕಳಿಗೆ ಹನಿ ನೀರಾವರಿಯನ್ನು, ಬುಡಕ್ಕೆ ಒಣಸೊಪ್ಪು ಹೊದಿಸಿ ತೇವ ಕಾಯುವುದನ್ನು ಕಲಿಸೋಣ. ಹಾಗೆ ಉಳಿಸಿದ ನೀರಿನಲ್ಲಿ ನೆರೆಯವನ ಪಾಲೂ ಇದೆಯೆಂಬುದನ್ನು ಅದರ ಜೊತೆಗೇ ಕಲಿಸೋಣ. ಅಲ್ಲಾಹನು ನಮ್ಮ ನೆಲಕ್ಕೆ ಮಳೆಯನ್ನೂ ನಮ್ಮ ಮನಸ್ಸಿಗೆ ವೈಶಾಲ್ಯವನ್ನೂ ಕರುಣಿಸಲಿ.