ಅಳೆಯಲಾಗದ ಚಾರ್ಜ್

4-3-2025, ಮಂಗಳವಾರ

ಎಲೆಕ್ಟ್ರಿಕ್ ಆಟೋದವರೊಬ್ಬರು ಬಂದಿದ್ದರು. "ಇಪ್ಪತ್ತೆರಡು ಪರ್ಸೆಂಟ್ ತೋರಿಸ್ತಿತ್ತು ಸಾರ್. ಪೀಣ್ಯ ಫ್ಲೈಓವರ್ ಹತ್ತುವಾಗ ಆಫ್ ಆಗೋಯ್ತು. ಪ್ಯಾಸೆಂಜರ್ ಬೇರೆ ಇದ್ರು." ಅವರು ನಂಬಿದ್ದ ಆ ಇಪ್ಪತ್ತೆರಡನ್ನು ಯಾವ ಸೆನ್ಸರೂ ಅಳೆದಿರಲಿಲ್ಲ. ಸೆಲ್ಲಿನೊಳಗೆ ಎಷ್ಟು ಚಾರ್ಜ್ ಉಳಿದಿದೆಯೆಂದು ನೇರವಾಗಿ ಹೇಳುವ ಸೆನ್ಸರ್ ಗಾಡಿಯಲ್ಲಿ ಇರುವುದೇ ಇಲ್ಲ. ಕೈಗೆ ಸಿಗುವುದು ವೋಲ್ಟೇಜ್, ಕರೆಂಟ್, ಹೊರಮೈಯ ಟೆಂಪರೇಚರ್. ಮಿಕ್ಕಿದ್ದೆಲ್ಲ ಲೆಕ್ಕ.

5-3-2025, ಬುಧವಾರ

ಆ ಆಟೋದ ಬ್ಯಾಟರಿ ಪ್ಯಾಕ್‌ನಲ್ಲಿರುವುದು ಹೋದ ಕರೆಂಟ್ ಕಳೆದು ಬಂದದ್ದನ್ನು ಕೂಡುವ ಲೆಕ್ಕ ಮಾತ್ರ. ಸೆನ್ಸರ್ ಸದಾ 0.1 ಆಂಪಿಯರ್ ತಪ್ಪಿ ಓದಿದರೆ ದಿನಕ್ಕೆ 2.4 ಆಂಪಿಯರ್-ಅವರ್ ವ್ಯತ್ಯಾಸ. 100 ಆಂಪಿಯರ್-ಅವರ್ ಪ್ಯಾಕ್‌ನಲ್ಲಿ ಹತ್ತು ದಿನಕ್ಕೆ ಸುಮಾರು ಕಾಲು ಭಾಗವೇ ಸುಳ್ಳು. ತಿದ್ದುವವರಿಲ್ಲದೆ ತಪ್ಪು ಬೆಳೆಯುತ್ತಲೇ ಹೋಗುತ್ತದೆ.

7-3-2025, ಶುಕ್ರವಾರ

ಆ ತಪ್ಪನ್ನು ತಿದ್ದಲು ಇಡೀ ದಿನ ಅಬ್ಸರ್ವರ್ ಕೆಲಸ, ಅಂದರೆ ಅಳೆಯಲಾಗದ್ದನ್ನು ಅಳತೆಗಳಿಂದ ಅಂದಾಜಿಸುವ ಲೆಕ್ಕ. 1964ರಲ್ಲಿ ಡೇವಿಡ್ ಲುಯೆನ್‌ಬರ್ಗರ್ ಬರೆದಿಟ್ಟ ವಿಚಾರ ಇಂದಿಗೂ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ನಿಜವಾದ ಬ್ಯಾಟರಿಗೆ ಹರಿಯುವ ಕರೆಂಟನ್ನೇ ಕಂಪ್ಯೂಟರಿನೊಳಗಿನ ಮಾದರಿಗೂ ಕೊಡು. ಎರಡರ ವೋಲ್ಟೇಜ್ ಹೋಲಿಸು. ವ್ಯತ್ಯಾಸವನ್ನು ಒಂದು ಗೇನ್‌ನಿಂದ ಗುಣಿಸಿ ಅಂದಾಜನ್ನು ತಿದ್ದು. ಆ ಗೇನ್ ಎಷ್ಟಿರಬೇಕೆಂದು ಕ್ಷಣಕ್ಷಣಕ್ಕೂ ಲೆಕ್ಕ ಹಾಕುವ ವಿಧಾನವನ್ನು ರುಡಾಲ್ಫ್ ಕಾಲ್ಮನ್ 1960ರಲ್ಲೇ ಕೊಟ್ಟಿದ್ದರು; ಅದೇ ಕಾಲ್ಮನ್ ಫಿಲ್ಟರ್. ಚಂದ್ರನತ್ತ ಹೋದ ಅಪೊಲೊ ನೌಕೆಯ ಸ್ಥಾನ, ವೇಗಗಳ ಅಂದಾಜಿಗೂ ಅದೇ ಫಿಲ್ಟರ್.

ಬೆಂಚಿನ ಮೇಲೆ ಅಂದಾಜನ್ನು ಬೇಕೆಂದೇ 50 ಪರ್ಸೆಂಟ್ ಎಂದು ಶುರು ಮಾಡಿಸಿದೆವು. ಸೆಲ್ ಬಹುತೇಕ ಖಾಲಿಯಿತ್ತು. ಲೋಡ್ ಹಾಕಿದೊಡನೆ ನಿಜವಾದ ವೋಲ್ಟೇಜ್ ಮಾದರಿಗಿಂತ ಕೆಳಗೆ ಜಾರಿತು. ಅಂದಾಜಿನ ಗೆರೆ ತಾನಾಗಿ ಇಳಿಯತೊಡಗಿ, ನಿಜದ ಪಕ್ಕಕ್ಕೆ ಬಂದು ಕೂತಿತು. ಎಷ್ಟು ಸಲ ನೋಡಿದರೂ ಖುಷಿಯೇ.

10-3-2025, ಸೋಮವಾರ

ಅದೇ ಪ್ರಯೋಗ ಸೆಲ್ ಅರ್ಧ ತುಂಬಿದ್ದಾಗ ಕೈಕೊಟ್ಟಿತು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ ಚಾರ್ಜಿನ ನಡುಭಾಗದಲ್ಲಿ 3.3 ವೋಲ್ಟಿನ ಆಸುಪಾಸಿನಲ್ಲೇ ನಿಂತಿರುತ್ತದೆ. ಚಾರ್ಜ್ ಎಷ್ಟೋ ಇಳಿದರೂ ವೋಲ್ಟೇಜ್ ಬಾಯಿ ಬಿಡುವುದಿಲ್ಲ. ಜೊತೆಯ ಹುಡುಗ ಗೇನ್ ಏರಿಸಿ ನೋಡಿದ. ಅಂದಾಜು ಸೆನ್ಸರಿನ ನಾಯ್ಸ್ ಹಿಂದೆ ಕುಣಿಯಿತು, ಅಷ್ಟೇ. ಅಳತೆಯಲ್ಲೇ ಸುದ್ದಿಯಿಲ್ಲದಿದ್ದರೆ ಗಣಿತ ಅದನ್ನು ಹುಟ್ಟಿಸಲಾರದು.

ನಡುಭಾಗದಲ್ಲಿ ಕರೆಂಟಿನ ಲೆಕ್ಕವನ್ನೇ ನಂಬುವುದು, ಎರಡು ತುದಿಗಳಲ್ಲಿ ವೋಲ್ಟೇಜಿಗೆ ಬೆಲೆ ಕೊಡುವುದು, ಆಗಾಗ ಪೂರ್ತಿ ಚಾರ್ಜ್ ಮಾಡಲು ಮೀಟರಿನಲ್ಲೇ ಹೇಳುವುದು ಎಂದು ತೀರ್ಮಾನವಾಯಿತು. ಫಿಲ್ಟರ್ ತನ್ನ ಅನುಮಾನದ ಪ್ರಮಾಣವನ್ನೂ ಕೊಡುತ್ತದಲ್ಲ, ಅದನ್ನು ಕಳೆದ ಅಂಕಿಯೇ ಡ್ರೈವರಿಗೆ ಕಾಣಲಿ ಎಂದೆ. ರೇಂಜ್ ಕಡಿಮೆ ಕಂಡರೆ ಗಾಡಿ ಮಾರುವುದು ಹೇಗೆಂದು ಮೀಟಿಂಗಿನಲ್ಲಿ ತಕರಾರು ಬಂತು. ನಾನು ಬಿಟ್ಟುಕೊಡಲಿಲ್ಲ.