ಗಚ್ಚಿಬೌಲಿಯ ಮ್ಯಾಚಿಗೆ ಒಂದು ಪ್ರವಾಸದ ಯೋಜನೆ



ನಮ್ಮ ಕಡೆಯ ಕನ್ನಡ ಶಾಲೆಗಳಲ್ಲಿ ಪ್ರವಾಸ ಅಂದರೆ ಬೀದರ ಕೋಟೆ, ಝರಣಿ ನರಸಿಂಹ, ಬಸವಕಲ್ಯಾಣ. ಸ್ವಲ್ಪ ದೂರ ಹೋಗುವುದಾದರೆ ಗೋಲ್ಕೊಂಡ ಮತ್ತು ಹೈದರಾಬಾದಿನ ಜೂ. ಮಕ್ಕಳನ್ನು ಫುಟ್‌ಬಾಲ್ ಮ್ಯಾಚ್ ನೋಡಲು ಕರೆದುಕೊಂಡು ಹೋಗುವ ಶಾಲೆ ಇರಲಿಕ್ಕಿಲ್ಲ. 2019ರಲ್ಲಿ ನಾವು ಮೂರು ಊರಿನ ಶಿಕ್ಷಕರು ಸೇರಿ ಅಂಥದ್ದೊಂದು ಯೋಜನೆ ಹಾಕಿದೆವು. ಮುಂದೆ ಯಾರಾದರೂ ಇಂಥ ಪ್ರವಾಸ ಹೊರಡುವುದಾದರೆ ಉಪಯೋಗಕ್ಕೆ ಬರಲಿ ಎಂದು ಅದರ ಕಥೆ ಬರೆಯುತ್ತಿದ್ದೇನೆ.

ನಮ್ಮ ಶಾಲೆಗೆ ಫುಟ್‌ಬಾಲ್ ಬಂದದ್ದೇ ಸಮಗ್ರ ಶಿಕ್ಷಾ ಯೋಜನೆಯ ಕ್ರೀಡಾ ಅನುದಾನದಿಂದ. ಗಂಡು ಹುಡುಗರಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟವಿಲ್ಲ. ಹೀಗಾಗಿ ಚೆಂಡು ಹುಡುಗಿಯರ ಪಾಲಾಯಿತು. ಬರಿಗಾಲಲ್ಲಿ, ಯೂನಿಫಾರಂನಲ್ಲೇ ಆಡುತ್ತಿದ್ದರು. ಎರಡು ತಿಂಗಳಾದ ಮೇಲೆ ಹುಡುಗರೂ ಬಂದು ಸೇರಿಕೊಂಡರು. ಆಗ ಐಎಸ್‌ಎಲ್‌ನಲ್ಲಿ ಹೈದರಾಬಾದ್ ಎಫ್‌ಸಿ ಎಂಬ ಹೊಸ ತಂಡ ಶುರುವಾಗಿತ್ತು. ನವೆಂಬರ್ 29ರ ಶುಕ್ರವಾರ ಗಚ್ಚಿಬೌಲಿಯ ಬಾಲಯೋಗಿ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಜೊತೆ ಅದರ ಪಂದ್ಯವೆಂದು ಪತ್ರಿಕೆಯಲ್ಲಿ ಬಂತು. ಅದೇ ವರ್ಷ ಮಾರ್ಚಿನಲ್ಲಿ ಬೆಂಗಳೂರು ಚಾಂಪಿಯನ್ ಆಗಿತ್ತು. ನಮಗೆ ಬೆಂಗಳೂರು ಆರು ನೂರು ಕಿಲೋಮೀಟರಿಗೂ ಹೆಚ್ಚು ದೂರ, ಗಚ್ಚಿಬೌಲಿ ಸುಮಾರು ನೂರು. ಬೆಂಗಳೂರಿನ ತಂಡವೇ ಇಷ್ಟು ಹತ್ತಿರ ಬರುವಾಗ ಬಿಡುವುದೇಕೆ?

ತರಗತಿಯಲ್ಲಿ ಸುದ್ದಿ ಓದಿ ಹೇಳಿದೆ. "ಬೆಂಗಳೂರಿಗೆ ಇದು ತವರಿನಾಚೆಯ ಪಂದ್ಯ" ಎಂಬ ಮಾತು ಬಂದಾಗ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ತವರಿನಾಚೆ ಅಂದ್ರ ಅತ್ತಿ ಮನಿ ಏನ್ರಿ?" ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಪ್ರಶ್ನೆ ಸಣ್ಣದಲ್ಲ. ನಮ್ಮ ತವರು ಯಾವುದು? 1956ರ ನವೆಂಬರ್ 1ರ ತನಕ ಜಹೀರಾಬಾದ, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ, ಗುಲಬರ್ಗಾ ಮೈಸೂರಿಗೆ ಹೋದವು, ನಾವು ಆಂಧ್ರಕ್ಕೆ ಬಂದೆವು. 2014ರಿಂದ ತೆಲಂಗಾಣದವರು.

ಯಾವ ತಂಡಕ್ಕೆ ಕೂಗಬೇಕು ಎಂದು ತರಗತಿ ಎರಡು ಪಾಲಾಯಿತು. ನಮ್ಮ ಭಾಷೆ ಕನ್ನಡ, ಅದಕ್ಕೆ ಬೆಂಗಳೂರು ಎಂದು ಕೆಲವರು. ನಾವು ಇರುವುದು ತೆಲಂಗಾಣದಲ್ಲಿ, ಹೈದರಾಬಾದೇ ನಮ್ಮ ತಂಡ ಎಂದು ಕೆಲವರು. ಬೆಂಗಳೂರಿನ ನಾಯಕ ಸುನಿಲ್ ಛೆಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ ಎಂದಾಗ ಎರಡೂ ಗುಂಪಿನವರು ಸುಮ್ಮನಾದರು! ನಾನು ಹೈದರಾಬಾದಿನ ಹಳೆಯ ಕಥೆಯನ್ನೂ ಹೇಳಿದೆ. ಸೈಯದ್ ಅಬ್ದುಲ್ ರಹೀಮ್ ಅವರ ಗರಡಿಯಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. ಆಗ ನಮ್ಮ ಊರುಗಳೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ನಮ್ಮ ತಾಲೂಕುಗಳು ರಾಜ್ಯ ಬದಲಿಸಿದ ಆ ನವೆಂಬರಿನಲ್ಲೇ ಮೆಲ್ಬರ್ನ್ ಒಲಿಂಪಿಕ್ಸ್ ಶುರುವಾಯಿತು. ಅಲ್ಲಿ ರಹೀಮರ ಭಾರತ ತಂಡ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ನಾಲ್ಕನೇ ಸ್ಥಾನ ಪಡೆಯಿತು. ಇತ್ತ ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲೇ ರೋವರ್ಸ್ ಕಪ್ ಗೆದ್ದಿತ್ತು, ಅದನ್ನು ಗೆದ್ದ ಮೊದಲ ಭಾರತೀಯ ತಂಡ ಅದು. ಹೀಗೆ ಎರಡೂ ಕಡೆ ಹೆಮ್ಮೆ ಪಡಲು ಸಾಕಷ್ಟಿತ್ತು.

ಇನ್ನು ಯೋಜನೆಯ ವಿಷಯ. ನಾರಾಯಣಖೇಡದ ಕಡೆಯ ಒಬ್ಬ ಶಿಕ್ಷಕರು, ತಾಂಡೂರಿನ ಒಬ್ಬ ಶಿಕ್ಷಕರು ಮತ್ತು ನಾನು ಫೋನಿನಲ್ಲೇ ಸಭೆ ಮಾಡುತ್ತಿದ್ದೆವು. ಒಟ್ಟು 26 ಮಕ್ಕಳು, ಎಲ್ಲರೂ ಎಂಟನೇ ತರಗತಿಯವರು. ಅದರಲ್ಲಿ 11 ಹುಡುಗಿಯರು. ತಾಂಡೂರಿನವರಿಗೆ ರೈಲು ಅನುಕೂಲ. ವಿಕಾರಾಬಾದ್ ಮೇಲೆ ಲಿಂಗಂಪಲ್ಲಿಗೆ ಬಂದು ಇಳಿದರೆ ಗಚ್ಚಿಬೌಲಿ ಹತ್ತಿರ. ನಾರಾಯಣಖೇಡಕ್ಕೆ ರೈಲಿಲ್ಲ, ಅವರು ಬಸ್ಸನ್ನೇ ನಂಬಬೇಕು. ನಮಗೆ 65ನೇ ಹೆದ್ದಾರಿ: ಸಂಗಾರೆಡ್ಡಿ ದಾಟಿ, ಪಟಾನ್‌ಚೆರು ಹತ್ತಿರ ರಿಂಗ್ ರೋಡ್ ಹಿಡಿದರೆ ನೇರ ಗಚ್ಚಿಬೌಲಿ.

ಆದರೆ ಅಕ್ಟೋಬರ್ 5ರಿಂದ ಆರ್‌ಟಿಸಿ ನೌಕರರ ಮುಷ್ಕರ ನಡೆದಿತ್ತು. ದಸರಾ ರಜೆಯನ್ನೂ ಅದಕ್ಕಾಗಿಯೇ ಮುಂದೆ ಹಾಕಿದ್ದರು. ಸರಕಾರಿ ಬಸ್ಸಿನ ಆಸೆ ಬಿಟ್ಟು ಎರಡು ತೂಫಾನ್ ಗಾಡಿ ಮಾತಾಡಿದೆವು. ಗಾಡಿಯ ಕಾಗದ, ಡ್ರೈವರನ ಲೈಸೆನ್ಸ್, ಇನ್ಶೂರೆನ್ಸ್ ಎಲ್ಲದರ ಜೆರಾಕ್ಸ್ ಮಾಡಿಸಿ ಅನುಮತಿಯ ಅರ್ಜಿಗೆ ಲಗತ್ತಿಸಿದೆವು. 2014ರ ಜುಲೈಯಲ್ಲಿ ಮೆದಕ ಜಿಲ್ಲೆಯ ಮಾಸಾಯಿಪೇಟೆಯಲ್ಲಿ ಶಾಲಾ ಬಸ್ಸಿಗೆ ರೈಲು ಬಡಿದು ಮಕ್ಕಳು ತೀರಿಹೋದದ್ದನ್ನು ನಮ್ಮ ಜಿಲ್ಲೆಯ ಯಾವ ಶಿಕ್ಷಕರೂ ಮರೆತಿಲ್ಲ. ಹೀಗಾಗಿ ಎಷ್ಟು ಕಾಗದ ಕೇಳಿದರೂ ನಮಗೆ ಬೇಸರವಾಗಲಿಲ್ಲ.

ಮಕ್ಕಳಿಗೂ ಕೆಲಸ ಹಂಚಿದೆವು. ದೂರವನ್ನು ನಕ್ಷೆಯಲ್ಲಿ ಅಳೆಯುವುದು, ಡೀಸೆಲ್ ಖರ್ಚು ಲೆಕ್ಕ ಹಾಕುವುದು, ತಲೆಗೆ ಎಷ್ಟು ಬೀಳುತ್ತದೆ ಎಂದು ಭಾಗಿಸುವುದು, ಪಾಲಕರ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬರೆಯುವುದು. ಕಬ್ಬು ಕಡಿಯುವವರ ಮಕ್ಕಳು, ತಾಂಡೂರಿನಲ್ಲಿ ಫರಶಿ ಕಲ್ಲಿನ ಪಾಲಿಷ್ ಕೆಲಸದವರ ಮಕ್ಕಳು ದುಡ್ಡು ಕೊಡಲಾಗದು ಎಂದು ನಮಗೆ ಗೊತ್ತಿತ್ತು. ಅವರ ಪಾಲು ನಾವು ಮೂವರು ಹಾಕಿದೆವು. ಬುತ್ತಿಗೆ ರೊಟ್ಟಿ, ಶೇಂಗಾ ಹಿಂಡಿ ಎಂದು ತಾಯಂದಿರು ಒಪ್ಪಿಕೊಂಡರು.

ಹೋಗುವುದರ ಬಗ್ಗೆ ಎಲ್ಲವೂ ಸರಿಯಾಗಿತ್ತು. ಕಷ್ಟವಿದ್ದದ್ದು ಬರುವುದರಲ್ಲಿ. ಪಂದ್ಯ ಶುರುವಾಗುವುದು ಸಂಜೆ ಏಳೂವರೆಗೆ. ಮುಗಿದು ಮಕ್ಕಳನ್ನು ಎಣಿಸಿ ಗಾಡಿ ಹತ್ತಿಸುವಾಗ ಹತ್ತು. ಜಹೀರಾಬಾದ ಮುಟ್ಟುವಾಗ ಹನ್ನೆರಡು ದಾಟುತ್ತದೆ. ಅಲ್ಲಿಂದ ಹಳ್ಳಿ, ಹಳ್ಳಿಯಿಂದ ತಾಂಡಾ. ಕಡೆಯ ಹುಡುಗಿ ಮನೆ ಬಾಗಿಲು ಮುಟ್ಟುವುದು ರಾತ್ರಿ ಒಂದೂವರೆಗೆ ಎಂದು ಲೆಕ್ಕ ಬಂತು. ಪ್ರತಿ ಹುಡುಗಿಯನ್ನೂ ನಾನೇ ಬಾಗಿಲ ತನಕ ಬಿಟ್ಟು ಬರುತ್ತೇನೆ ಎಂದು ಮನೆಮನೆಗೆ ಹೋಗಿ ಹೇಳಿದೆ. ಹನ್ನೊಂದು ಒಪ್ಪಿಗೆ ಪತ್ರಗಳೂ ಬಂದವು. ಕೆಲವಕ್ಕೆ ಸಹಿ, ಕೆಲವಕ್ಕೆ ಹೆಬ್ಬೆಟ್ಟು.

ನವೆಂಬರ್ 28ರ ದಿನ ಶಾದ್‌ನಗರದ ಹತ್ತಿರ ಯುವ ಪಶುವೈದ್ಯೆಯೊಬ್ಬರ ಸುಟ್ಟ ದೇಹ ಸಿಕ್ಕ ಸುದ್ದಿ ಬಂತು. ಹಿಂದಿನ ರಾತ್ರಿ ಶಂಷಾಬಾದ್ ಬಳಿ ರಿಂಗ್ ರೋಡಿನ ಟೋಲ್ ಹತ್ತಿರ ನಡೆದದ್ದು. ನಾವು ಹೋಗಬೇಕಿದ್ದ ಅದೇ ರಿಂಗ್ ರೋಡಿನ ಇನ್ನೊಂದು ಭಾಗ. ದೇಶವೆಲ್ಲ ಆ ಸುದ್ದಿಗೆ ನಡುಗಿತು. ನಮ್ಮ ಹಳ್ಳಿಗಳಲ್ಲಿ ಪ್ರತಿ ಫೋನಿನಲ್ಲಿಯೂ ಅದೇ.

ಅಂದು ಸಂಜೆ ಪಾಲಕರು ಒಬ್ಬೊಬ್ಬರಾಗಿ ಬಂದರು. ಯಾರೂ ಜಗಳ ಮಾಡಲಿಲ್ಲ. ಒಬ್ಬ ತಂದೆ ಟವೆಲ್ ಕೈಯಲ್ಲಿ ಹಿಡಿದು ಹೇಳಿದ ಮಾತು ಇದು: "ಅಕ್ಕೋರೆ, ನಿಮ್ಮ ಮ್ಯಾಲ ಭರೋಸ ಅದರಿ. ರಾತ್ರಿ ಮ್ಯಾಲ ಇಲ್ಲರಿ." ನನಗೂ ಒಬ್ಬ ಮಗಳಿದ್ದಾಳೆ. ನಾನು ಏನು ವಾದ ಮಾಡಲಿ? ಹನ್ನೊಂದು ಪತ್ರಗಳನ್ನೂ ವಾಪಸು ಕೊಟ್ಟೆ.

ರಾತ್ರಿ ಮತ್ತೆ ಫೋನಿನಲ್ಲಿ ಸಭೆ. ತಾಂಡೂರಿನ ಶಿಕ್ಷಕರು, "ಹುಡುಗರನ್ನಾದರೂ ಕರೆದುಕೊಂಡು ಹೋಗೋಣ, ಅವರದೇನು ತಪ್ಪು? ಗಾಡಿಗೆ ಮುಂಗಡ ಕೊಟ್ಟಾಗಿದೆ" ಅಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಆದರೆ ಆ ಚೆಂಡನ್ನು ಮೊದಲು ಒದ್ದವರು ಹುಡುಗಿಯರು. ಯಾರೋ ಮಾಡಿದ ಪಾತಕಕ್ಕೆ ಹೆದರಿ ಹುಡುಗಿಯರು ಮನೆಯಲ್ಲಿ ಕೂತು, ಹುಡುಗರು ಮ್ಯಾಚ್ ನೋಡಿ ಬಂದರೆ ಶಾಲೆ ಅವರಿಗೆ ಏನು ಪಾಠ ಕಲಿಸಿದಂತಾಯಿತು? ಹೋದರೆ 26 ಮಕ್ಕಳು, ಇಲ್ಲದಿದ್ದರೆ ಯಾರೂ ಇಲ್ಲ ಎಂದೆ. ನಾರಾಯಣಖೇಡದವರು ನನ್ನ ಕಡೆ ನಿಂತರು. ಪ್ರವಾಸ ರದ್ದಾಯಿತು.

ಮರುದಿನ ಒಬ್ಬ ಹುಡುಗ ನನ್ನ ಮುಂದೆಯೇ, "ಹುಡ್ಗೇರ ಸಲುವಾಗಿ ನಮ್ದೂ ಹೋಯ್ತು" ಅಂದ. ನಾನು ಗದರಲಿಲ್ಲ. ಅವನ ಮಾತಿಗೆ ಹುಡುಗಿಯರ ನಾಯಕಿಯೇ ಉತ್ತರ ಕೊಟ್ಟಳು: "ನಮ್ ಸಲುವಾಗಿ ಅಲ್ಲೋ. ರಾತ್ರಿ ಸಲುವಾಗಿ." ಅಂದು ಬೆಳಿಗ್ಗೆಯೇ ಮುಷ್ಕರ ಮುಗಿದು ನೌಕರರು ಡ್ಯೂಟಿಗೆ ಹಾಜರಾದರು, ನಮ್ಮ ರಸ್ತೆಯಲ್ಲಿ ಮತ್ತೆ ಬಸ್ಸುಗಳು ಓಡಿದವು! ಗಚ್ಚಿಬೌಲಿಯಲ್ಲಿ ಪಂದ್ಯ 1-1 ಆಯಿತು. ಛೆಟ್ರಿ ಶುರುವಿನಲ್ಲೇ ಹೊಡೆದ ಗೋಲಿಗೆ ಹೈದರಾಬಾದಿನ ರಾಬಿನ್ ಸಿಂಗ್ ಕೊನೆಯ ಗಳಿಗೆಯಲ್ಲಿ ಉತ್ತರ ಕೊಟ್ಟಿದ್ದರು. ಶನಿವಾರ ಮಕ್ಕಳು ಪೇಪರಿನಲ್ಲಿ ಓದಿದರು, ಎರಡೂ ಗುಂಪಿನವರು ತಮ್ಮದೇ ಮೇಲು ಎಂದರು.

ಮುಂದಿನ ವರ್ಷ ಹೋಗೋಣ ಎಂದು ಮಕ್ಕಳಿಗೆ ಹೇಳಿದ್ದೆ. 2020ರ ಮಾರ್ಚಿನಲ್ಲಿ ಕೊರೋನಾ ಬಂದು ಶಾಲೆಗಳೇ ಮುಚ್ಚಿದವು. ಎರಡು ವರ್ಷ ಐಎಸ್‌ಎಲ್ ಪಂದ್ಯಗಳೆಲ್ಲ ಗೋವಾದಲ್ಲೇ ನಡೆದವು. 2022ರ ಮಾರ್ಚಿನಲ್ಲಿ ಹೈದರಾಬಾದ್ ಚಾಂಪಿಯನ್ ಆದದ್ದೂ ಅಲ್ಲಿಯೇ. ತಂಡ ಗಚ್ಚಿಬೌಲಿಗೆ ಮರಳುವಷ್ಟರಲ್ಲಿ ನಮ್ಮ 26 ಮಕ್ಕಳು ಹತ್ತನೇ ತರಗತಿ ಮುಗಿಸಿ ಹೋಗಿದ್ದರು.

2024ರ ಡಿಸೆಂಬರಿನಲ್ಲಿ ಸಂತೋಷ್ ಟ್ರೋಫಿಯ ಅಂತಿಮ ಹಂತ ಹೈದರಾಬಾದಿನಲ್ಲಿ ನಡೆಯಿತು. ನಾನು ವೇಳಾಪಟ್ಟಿಯಲ್ಲಿ ಮೊದಲು ನೋಡಿದ್ದು ತಂಡಗಳ ಹೆಸರನ್ನಲ್ಲ, ಹೊತ್ತನ್ನು. ಡಿಸೆಂಬರ್ 29, ಭಾನುವಾರ, ಮಧ್ಯಾಹ್ನ ಎರಡೂವರೆಗೆ ಗಚ್ಚಿಬೌಲಿಯಲ್ಲಿ ಸೆಮಿಫೈನಲ್: ಪಶ್ಚಿಮ ಬಂಗಾಳ ಮತ್ತು ಸರ್ವಿಸಸ್. ನಮ್ಮದು ಎನ್ನುವ ತಂಡ ಯಾವುದೂ ಇಲ್ಲ. ಆದರೂ ಹೊಸ ಪಟ್ಟಿ ಮಾಡಿದೆ. ಎಲ್ಲ ಹುಡುಗಿಯರ ಮನೆಯಿಂದಲೂ ಒಪ್ಪಿಗೆ ಬಂತು. ಬಂಗಾಳ 4-2ರಿಂದ ಗೆದ್ದಿತು. ಆರು ಗೋಲು ನೋಡಿ ಮಕ್ಕಳ ಗಂಟಲು ಕಟ್ಟಿತ್ತು. ರಾತ್ರಿ ಎಂಟೂವರೆಗೆ ಕಡೆಯ ಹುಡುಗಿಯೂ ಮನೆಯಲ್ಲಿದ್ದಳು.

ಹಳೆಯ ತಂಡದ ನಾಯಕಿ ಈಗ ಬೀದರದಲ್ಲಿ ಓದುತ್ತಿದ್ದಾಳೆ. ಆಕೆಗೆ ಫೋನಿನಲ್ಲಿ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮಗ್ಯಾಕ ಹಗಲಿ ಮ್ಯಾಚ್ ಸಿಗಲಿಲ್ರಿ ಟೀಚರ್?" ಅಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಯೋಜನೆ ಹಾಕುವವರಿಗೆ ನಾನು ಹೇಳುವುದು ಇಷ್ಟೇ. ಪಟ್ಟಿಯನ್ನು ಕೆಳಗಿನಿಂದ ಬರೆಯಿರಿ. ಕಡೆಯ ಮಗು ಯಾವ ಹೊತ್ತಿಗೆ, ಯಾರ ಜೊತೆ ಮನೆ ಮುಟ್ಟುತ್ತದೆ ಎಂಬುದನ್ನು ಮೊದಲು ಬರೆದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಆ ಹೊತ್ತನ್ನು ಪಾಲಕರಿಗೆ ಮುಚ್ಚಿಡದೆ ಹೇಳಿ. ಟಿಕೆಟ್, ಗಾಡಿ, ಬುತ್ತಿ ಎಲ್ಲ ಆಮೇಲೆ.

2025ರಲ್ಲಿ ಹೈದರಾಬಾದ್ ಎಫ್‌ಸಿ ದೆಹಲಿಗೆ ಹೋಗಿ ಹೆಸರನ್ನೂ ಬದಲಿಸಿಕೊಂಡಿತು. ಇನ್ನು ಬೆಂಗಳೂರು ತಂಡವನ್ನು ನೋಡಬೇಕಾದರೆ ನಾವೇ ಕಂಠೀರವ ಕ್ರೀಡಾಂಗಣಕ್ಕೆ ಹೋಗಬೇಕು. ಅವರಿಗೆ ತವರಿನ ಪಂದ್ಯ, ನಮಗೆ ಎರಡು ರಾತ್ರಿಯ ರೈಲು ಪ್ರಯಾಣ. ಹುಡುಗಿಯರ ಜೊತೆ ಇರಲು ಇಬ್ಬರು ತಾಯಂದಿರನ್ನು ಈಗಲೇ ಕೇಳಿದ್ದೇನೆ. ಒಬ್ಬರು ಹೂಂ ಅಂದಿದ್ದಾರೆ. ಇನ್ನೊಬ್ಬರು ಕಬ್ಬಿನ ಸುಗ್ಗಿ ಮುಗಿಯಲಿ ಅಂದಿದ್ದಾರೆ.